ಎದೆಗೂ ಗಂಟಲಿಗೂ ನಡುವೆ

ನುಂಗುವಾಗ ನಮ್ಮ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಇದನ್ನು ಯಾರೂ ಕಲಿಸಿದ್ದಲ್ಲ, ಮೊಲೆಹಾಲು ಕುಡಿಯುವ ಕೂಸಿಗೂ ಗೊತ್ತು. ಗಂಟಲಿನಲ್ಲಿ ದಾರಿ ಒಂದೇ, ಹೋಗಬೇಕಾದವರು ಇಬ್ಬರು, ಅನ್ನ ಮತ್ತು ಗಾಳಿ. ಅನ್ನ ಬಂದಾಗ ಗಾಳಿ ಬದಿಗೆ ಸರಿಯುತ್ತದೆ, ಅನ್ನ ಇಳಿದ ಮೇಲೆ ಮುಂದುವರಿಯುತ್ತದೆ. ಮಿದುಳಿನ ಬುಡದಲ್ಲಿ ಕೂತ ಯಾವನೋ ಹಳೆಯ ಗುಮಾಸ್ತ ಇದನ್ನೆಲ್ಲ ನೋಡಿಕೊಳ್ಳುತ್ತಾನೆ. ಅವನಿಗೆ ರಜೆಯಿಲ್ಲ, ಸಂಬಳವಿಲ್ಲ, ನಾವು ಅವನ ಹೆಸರು ಕೇಳಿದವರೂ ಅಲ್ಲ. ಆ ಗುಮಾಸ್ತನೇ ಇಲ್ಲವಾದರೆ ಏನಾಗುತ್ತದೆ? ಅವನ ಕೆಲಸವನ್ನು ಒಬ್ಬರಿಗೊಬ್ಬರು ಪರಿಚಯವಿಲ್ಲದ ಎರಡು ಯಂತ್ರಗಳಿಗೆ ಹಂಚಿದರೆ?

ತುಳಜಾಬಾಯಿ ಮೆಹರವಾಡೆಯವರ ಗುಮಾಸ್ತ ಒಂದು ಬೆಳಿಗ್ಗೆ ಹೋಗಿಬಿಟ್ಟ. ಹುಬ್ಬಳ್ಳಿಯಲ್ಲಿ ಅವರದೊಂದು ಸಾವಜಿ ಖಾನಾವಳಿ, ಖಾರದ ಮಾಂಸದೂಟಕ್ಕೆ ಹೆಸರಾದದ್ದು. ಮಸಾಲೆ ಹುರಿಯುತ್ತ ನಿಂತಿದ್ದವರು ಹಾಗೇ ಕುಸಿದು ಕೂತರು. ಮಿದುಳಿನ ಬುಡದ ಸಣ್ಣ ರಕ್ತನಾಳವೊಂದು ಕಟ್ಟಿಕೊಂಡಿತ್ತು. ಕೈಕಾಲು ಉಳಿದವು, ಬುದ್ಧಿ ಉಳಿಯಿತು, ಬೈಯುವ ಚಟವಂತೂ ಪೂರ್ತಿ ಉಳಿಯಿತು. ಹೋದದ್ದು ಎರಡೇ, ತಾನಾಗಿ ಉಸಿರಾಡುವುದು ಮತ್ತು ನುಂಗುವುದು.

ಹಿಂದಿನ ಕಾಲವಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈಗ ಎದೆಯ ಗೂಡಿನೊಳಗೆ ಒಂದು ಸಣ್ಣ ಯಂತ್ರವಿಟ್ಟರೆ ಅದು ಉಸಿರಾಟ ನಡೆಸುವ ಪೊರೆಯನ್ನು ಎಳೆದು ಸಡಿಲಿಸುತ್ತಿರುತ್ತದೆ. ಗಂಟಲಿನ ಸುತ್ತ ಇನ್ನೊಂದು ಯಂತ್ರವಿಟ್ಟರೆ ಅದು ಗಂಟಲ ಸ್ನಾಯುಗಳನ್ನು ಕ್ರಮವಾಗಿ ಹಿಂಡಿ ತುತ್ತನ್ನು ಇಳಿಸುತ್ತದೆ. ಎರಡೂ ತಮ್ಮ ತಮ್ಮ ಕೆಲಸದಲ್ಲಿ ಗಟ್ಟಿ. ಆದರೆ ಎರಡು ಬೇರೆ ದೇಶದ ಎರಡು ಬೇರೆ ಕಂಪನಿಗಳು ಮಾಡಿದಂಥವು, ಎರಡು ಬೇರೆ ಆಪರೇಟಿಂಗ್ ಸಿಸ್ಟಂಗಳ ಮೇಲೆ ನಡೆಯುವಂಥವು. ತಾವೇ ಗಂಡಿನ ಕಡೆಯವರು ಎಂದು ಇಬ್ಬರೂ ತಿಳಿದುಕೊಂಡ ಬೀಗರ ಹಾಗೆ, ಯಾರೂ ಮೊದಲು ಮಾತಾಡುವವರಲ್ಲ. ಅವರ ನಡುವೆ ಮಾತು ಹೊತ್ತು ತಿರುಗುವ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸವಾಗಿತ್ತು. ನಾನು ಶೈಲಾ, ನನ್ನ ಜೊತೆಗೆ ಇಮ್ತಿಯಾಜ್. ನಮ್ಮದು ಹುಬ್ಬಳ್ಳಿಯ ಒಂದು ಮಹಡಿ ಮೇಲಿನ ಎರಡು ಕೋಣೆಯ ಪ್ರಯೋಗಾಲಯ.

ತುಳಜಾಬಾಯಿಯವರ ಕೊರಳಿನ ಕೆಳಗೆ ಒಂದು ಸಣ್ಣ ಕಿಂಡಿಯೂ ಇತ್ತು. ಗಂಟಲಿನ ದಾರಿ ಬೇಡವೆಂದಾಗ ಎದೆಯ ಯಂತ್ರ ಆ ಕಿಂಡಿಯನ್ನು ತೆರೆದು ಅಲ್ಲಿಂದಲೇ ಗಾಳಿ ಎಳೆದುಕೊಳ್ಳುತ್ತಿತ್ತು. ಹಾಗಾದರೆ ಸದಾ ಕಿಂಡಿಯಿಂದಲೇ ಉಸಿರಾಡಬಹುದಲ್ಲ ಎಂದು ನೀವು ಕೇಳುತ್ತೀರಿ. ಆಡಬಹುದು. ಆದರೆ ಆಗ ಮಾತು ಹೊರಡುವುದಿಲ್ಲ, ಮೂಗಿಗೆ ವಾಸನೆ ತಿಳಿಯುವುದಿಲ್ಲ. ಜೀವನವಿಡೀ ವಾಸನೆ ಹಿಡಿದೇ ಅಡುಗೆ ಮಾಡಿದ, ಜೋರು ಬಾಯಿಯ ಹೆಂಗಸಿಗೆ ಅದು ಬದುಕೇ ಅಲ್ಲ. ಹಾಗಾಗಿ ಉಸಿರು ಮೂಗಿನಿಂದ, ಊಟ ಮಾತ್ರ ಹೊಟ್ಟೆಗೆ ಹಾಕಿದ ನಳಿಗೆಯಿಂದ. ಒಂದು ವರ್ಷದಿಂದ ಅವರ ನಾಲಿಗೆಗೆ ಏನೂ ತಾಕಿರಲಿಲ್ಲ. ಬಾಯಿಂದ ಉಣ್ಣಬೇಕಾದರೆ ಎರಡೂ ಯಂತ್ರಗಳು ಒಪ್ಪಂದಕ್ಕೆ ಬರಬೇಕಿತ್ತು.

ಕೆಲಸ ಶುರುಮಾಡುವ ಮೊದಲು ನಾನು ಅವರ ಖಾನಾವಳಿಗೆ ಊಟಕ್ಕೆ ಹೋಗಿದ್ದೆ. ಈಗ ಅದನ್ನು ನಡೆಸುವವಳು ಸೊಸೆ ಮಂಗಲಾ. ರೊಟ್ಟಿ ಚೆನ್ನಾಗಿತ್ತು. ಖಾರದ ಸಾರು, ಅವರ ರಸ್ಸಾದಲ್ಲಿ ಏನೋ ಕಡಿಮೆ. ಖಾರ ಇತ್ತು, ಬಣ್ಣ ಇತ್ತು, ಆದರೂ ತುಳಜಾಬಾಯಿ ಇದ್ದಾಗ ನಾನು ಉಂಡಿದ್ದ ರುಚಿಯಲ್ಲ.

"ಹೆಂಗ ಆಗೇತ್ರೀ?" ಎಂದು ಮಂಗಲಾ ಕೇಳಿದಳು.

"ಛಲೋ ಆಗೇತಿ," ಎಂದೆ.

ಅವಳು ಮುಖ ಸಣ್ಣದು ಮಾಡಿಕೊಂಡಳು. "ಎಲ್ಲಾರೂ ಹಂಗ ಅಂತಾರ್ರೀ. ಅಂದು ಹೋಗ್ತಾರ, ಮತ್ತ ಬರೂದಿಲ್ಲ. ಅತ್ತಿ ನನಗ ಒಂದಿನಾನೂ ಛಲೋ ಅಂದವರಲ್ಲ. ಆದ್ರ ಏನ್ ಕಮ್ಮಿ ಐತಿ ಅಂತ ಹೇಳ್ತಿದ್ರು."

"ಈಗೂ ಕೇಳಬಹುದಲ್ಲ. ಒಂದ ಹನಿ ನಾಲಿಗಿ ಮ್ಯಾಲಿಟ್ಟು..."

"ಕೇಳೀನ್ರೀ. ರುಚಿ ನೋಡಿ ಉಗುಳ್ರಿ ಅಂದೆ. ಉಗುಳಾಕ ಅಡಗಿ ಮಾಡ್ತಾರೇನ, ಅಂತ ಬೈದ್ರು."

ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ಅತ್ತೆಯ ಬಾಯಿಗೆ ಹೆದರಿ ಅಡುಗೆ ಮಾಡಿದವಳು ಈಗ ಆ ಬಾಯಿ ತನ್ನ ಅಡುಗೆಯ ರುಚಿ ನೋಡದೆ ಕಂಗಾಲಾಗಿದ್ದಳು. ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದರು.

ನಮ್ಮ ಮೊದಲ ತೊಡಕು ಸರಳವಾಗಿತ್ತು. ಎದೆಯ ಯಂತ್ರ ಗಂಟಲ ಯಂತ್ರವನ್ನು ದಾರಿ ಖಾಲಿ ಇದೆಯೇ ಎಂದು ಕೇಳುತ್ತಿತ್ತು, ಕೇಳಿ ಉತ್ತರ ಬರುವತನಕ ನಿಂತುಬಿಡುತ್ತಿತ್ತು. ಕಂಪ್ಯೂಟರಿನಲ್ಲಿ ಹಾಗೆ ನಿಂತರೆ ನಾವು ಚಹಾ ಕುಡಿದು ಬರುತ್ತೇವೆ. ಎದೆ ಹಾಗೆ ನಿಂತರೆ ಮನುಷ್ಯ ನೀಲಿಗಟ್ಟುತ್ತಾನೆ. ಆದ್ದರಿಂದ ಕೇಳುವ ರೀತಿಯನ್ನೇ ಬದಲಾಯಿಸಬೇಕು. ಕೇಳು, ಉತ್ತರ ಸಿಗದಿದ್ದರೆ ನಿಲ್ಲಬೇಡ, ಕಿಂಡಿ ತೆರೆದು ಅಲ್ಲಿಂದ ಉಸಿರಾಡುತ್ತಿರು, ಆಮೇಲೆ ಮತ್ತೆ ವಿಚಾರಿಸು. ನಮ್ಮ ಕಸುಬಿನಲ್ಲಿ ಇದಕ್ಕೆ ನಾನ್-ಬ್ಲಾಕಿಂಗ್ ಎನ್ನುತ್ತಾರೆ. ಎರಡೂ ಕಂಪನಿಗಳ ಕೈಪಿಡಿಯಲ್ಲಿ ತಮ್ಮ ಯಂತ್ರಕ್ಕೆ ಅದು ಬರುತ್ತದೆ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಸುಳ್ಳೇನಲ್ಲ, ಎರಡಕ್ಕೂ ಬರುತ್ತಿತ್ತು.

ಆದರೆ ಗಂಟಲ ಯಂತ್ರ "ಈಗಲ್ಲ, ಆಮೇಲೆ ಬಾ" ಎಂಬುದಕ್ಕೆ ಕಳಿಸುವ ಸಂಖ್ಯೆ ಎದೆಯ ಯಂತ್ರದ ಪಟ್ಟಿಯಲ್ಲಿ "ಕೆಟ್ಟುಹೋಗಿದೆ" ಎಂದಿತ್ತು. ಗಂಟಲು ಮರ್ಯಾದೆಯಿಂದ ಆಮೇಲೆ ಬಾ ಎಂದಾಗಲೆಲ್ಲ ಎದೆ ಕಿಟಾರನೆ ಕಿರುಚುತ್ತಿತ್ತು. ಇಮ್ತಿಯಾಜ್ ಕೂತು ಎರಡೂ ಕಡೆಯ ಸಂಕೇತಗಳನ್ನು ಒಂದಕ್ಕೊಂದು ಹೊಂದಿಸಿದ. ಅವರ ಈ ಸಂಖ್ಯೆಗೆ ಇವರ ಆ ಸಂಖ್ಯೆ. ನಾನು ಮೇಲಿಂದ ಕೆಳಗೆ ಪರೀಕ್ಷಿಸಿದೆ. ಪ್ರಯೋಗಾಲಯದಲ್ಲಿ ರಬ್ಬರಿನ ಗಂಟಲೊಂದಿತ್ತು, ಅದಕ್ಕೆ ನೀರು ಕುಡಿಸಿದೆವು. ಗಟಗಟ ಕುಡಿಯಿತು. ಎದೆ ಒಮ್ಮೆಯೂ ನಿಲ್ಲಲಿಲ್ಲ, ಕಿರುಚಲಿಲ್ಲ. ಇಮ್ತಿಯಾಜ್ ಮಿರ್ಚಿ ಭಜಿ ತರಿಸಿದ.

ಆಸ್ಪತ್ರೆಯಲ್ಲಿ ತುಳಜಾಬಾಯಿಯವರನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ವಿಭಾ ಕೊಪ್ಪೀಕರ ನೀರು ಬೇಡವೆಂದರು. ಬಹಳ ದಿನ ಬಳಸದ ಗಂಟಲಿಗೆ ಗಟ್ಟಿ ಗಂಜಿಯೇ ಒಳ್ಳೆಯದು, ನೀರು ಎಲ್ಲೆಂದರಲ್ಲಿ ಹರಿಯುತ್ತದೆ ಎಂದರು. ಸರಿಯಾದ ಮಾತು. ತುಳಜಾಬಾಯಿ ಗಂಜಿಯನ್ನು ನೋಡಿದ ನೋಟ ಮಾತ್ರ ನನಗೆ ಇನ್ನೂ ನೆನಪಿದೆ.

"ಒಂದ ವರ್ಷ ಉಪವಾಸ ಇದ್ದು ಇದನ್ನ ತಿನ್ನಬೇಕ?" ಎಂದರು. "ಆತು, ಹಾಕ್ರಿ."

ಒಂದು ಚಮಚ ಹಾಕಿದರು. ಕಂಪ್ಯೂಟರಿನ ತೆರೆಯ ಮೇಲೆ ಎಲ್ಲವೂ ಕ್ರಮವಾಗಿ ಬಂತು. ಎದೆ ನುಂಗುವ ಕೆಲಸವನ್ನು ಗಂಟಲಿಗೆ ಒಪ್ಪಿಸಿತು, ಕಿಂಡಿ ತೆರೆಯಿತು, ಗಂಟಲಿನಿಂದ ಸಂಕೇತ ಬಂತು, ಕಿಂಡಿ ಮುಚ್ಚಿತು, ಎದೆ ಮೂಗಿನಿಂದ ಉಸಿರೆಳೆಯಿತು. ಅದೇ ಉಸಿರಿನ ಜೊತೆ ಗಂಜಿಯೂ ಶ್ವಾಸಕೋಶಕ್ಕೆ ಹೋಯಿತು.

ಮುಂದಿನದನ್ನು ವಿವರಿಸಲು ನನಗೆ ಮನಸ್ಸಿಲ್ಲ. ಅವರಿಗೆ ಕೆಮ್ಮಲು ಬರುವುದಿಲ್ಲ. ಕಣ್ಣು ದೊಡ್ಡದಾದವು, ತುಟಿ ಬಣ್ಣಗೆಟ್ಟಿತು, ಮಂಗಲಾ ಬಾಗಿಲಲ್ಲಿ ನಿಂತು ಮನೆದೇವರು ಅಂಬಾಭವಾನಿಯನ್ನು ಕರೆಯುತ್ತಿದ್ದಳು. ಡಾಕ್ಟರ್ ನಳಿಗೆ ಇಳಿಸಿ ಎಲ್ಲವನ್ನೂ ಹೊರಗೆ ಎಳೆದರು. ಜೀವ ಉಳಿಯಿತು. ಆದರೆ ಆಮೇಲೆ ಶ್ವಾಸಕೋಶದಲ್ಲಿ ಸೋಂಕಾಗಿ ಜ್ವರದಲ್ಲಿ ಮಲಗಿಬಿಟ್ಟರು. ಆಸ್ಪತ್ರೆಯ ಸಮಿತಿ ಸೇರಿತು. ಇನ್ನು ಒಂದೇ ಅವಕಾಶ, ಅದೂ ತಪ್ಪಾದದ್ದು ಏನೆಂದು ನಾವು ತೋರಿಸಿಕೊಟ್ಟರೆ. ಇಲ್ಲವಾದರೆ ಗಂಟಲ ಯಂತ್ರ ತೆಗೆದುಬಿಡುವುದು, ಕೊನೆಯವರೆಗೂ ನಳಿಗೆಯ ಊಟ.

ನಾವು ಹುಡುಕಿದೆವು. ತಮಾಷೆ ಎಂದರೆ ತಪ್ಪು ಎಲ್ಲೂ ಇರಲಿಲ್ಲ. ಕಳಿಸಿದ ಸಂಕೇತ ಸರಿ, ಬಂದ ಸಂಕೇತ ಸರಿ, ಎದೆ ಎಲ್ಲೂ ಕಾದು ನಿಂತಿಲ್ಲ, ಗಂಟಲು ಎಲ್ಲೂ ತಡಮಾಡಿಲ್ಲ. ಪ್ರತಿ ಸಾಲೂ ಸರಿ, ತುತ್ತು ಮಾತ್ರ ಇನ್ನೂ ಗಂಟಲಲ್ಲೇ. ನಾನು ಇಮ್ತಿಯಾಜ್ ಮೇಲೆ ಕೂಗಾಡಿದೆ. ಅವನು ನನ್ನ ಮೇಲೆ ಕೂಗಾಡುವವನಲ್ಲ, ಸುಮ್ಮನೆ ರಬ್ಬರ್ ಗಂಟಲಿಗೆ ಮತ್ತೆ ಮತ್ತೆ ನೀರು ಹಾಕುತ್ತಿದ್ದ. ಅದು ಪ್ರತಿಸಲವೂ ಸರಿಯಾಗಿ ಕುಡಿದು ನಮ್ಮ ಹೊಟ್ಟೆ ಉರಿಸುತ್ತಿತ್ತು.

ಅದೇ ದಿನಗಳಲ್ಲಿ ನಾನು ಮನೆ ಬದಲಾಯಿಸಿದ್ದೆ. ಊರಲ್ಲಿ ಚಾಲಕರಿಲ್ಲದ ಬಸ್ಸುಗಳು ಓಡಾಡುತ್ತವೆ, ಎದೆಯೊಳಗೆ ಯಂತ್ರ ಉಸಿರಾಡುತ್ತದೆ, ಆದರೆ ನಮ್ಮ ಓಣಿಗಳಿಗೆ ನೀರು ಬರುವುದು ಈಗಲೂ ವಾರಕ್ಕೊಮ್ಮೆ, ಅದೂ ಓಣಿಗೊಂದು ನಲ್ಲಿ. ಕೊಡಗಳನ್ನು ಸಾಲಿಗಿಟ್ಟು ಮನೆಗೆಲಸಕ್ಕೆ ಹೋಗುವುದು ರೂಢಿ. ಕೊಡ ಸಾಲಿನಲ್ಲಿ ನಿಲ್ಲುತ್ತದೆ, ನಾವು ನಿಲ್ಲುವುದಿಲ್ಲ. ಹೊಸ ಓಣಿಯಲ್ಲಿ ನೀರು ಬಂದ ಮೊದಲ ದಿನ ನಾನೂ ಕೊಡವಿಟ್ಟು ಬಂದು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಹೊರಗಿಂದ ಪಕ್ಕದ ಮನೆಯ ಈರವ್ವನ ದನಿ ಬಂತು. "ಶೈಲಾಬಾಯಾರ, ನಿಮ್ಮ ಕೊಡಾ."

ನಾನು ಒಗ್ಗರಣೆ ಮುಗಿಸಿ, ಒಲೆ ಆರಿಸಿ, ಕೈ ಒರೆಸಿಕೊಂಡು ನಿಧಾನಕ್ಕೆ ಹೋದೆ. ತುಂಬಿದ ಕೊಡವನ್ನು ಎತ್ತುವ ಹಾಗೆ ಸೊಂಟ ಬಿಗಿಮಾಡಿ ಜೋರಾಗಿ ಎತ್ತಿದೆ. ಖಾಲಿ ಕೊಡ. ಅದು ಹಾರಿ ಈರವ್ವನ ಗದ್ದಕ್ಕೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು.

"ಏನ್ರೀ ಇದು, ಕುಸ್ತಿ ಆಡಾಕ ಬಂದೀರೇನು?" ಎಂದಳು ಈರವ್ವ.

"ಕರದ್ರಲ್ಲಾ ನೀವು. ತುಂಬೇತಿ ಅಂತ ಬಂದೆ."

"ನಿಮ್ಮ ಪಾಳಿ ಬಂದೈತಿ ಅಂತ ಕರದೇನ್ರೀ. ತುಂಬಿ ಕೊಡಾಕ ನಾ ಏನ್ ನಿಮ್ಮ ಸೊಸಿಯೇನು? ಇಲ್ಲೆ ಕರದ ಕೂಡ್ಲೆ ಬಂದು ನಮ್ಮದು ನಾವ ತುಂಬ್ಕೋಬೇಕು."

ನನಗೆ ಸಿಟ್ಟು ಬಂತು. ನಮ್ಮ ಹಳೆಯ ಓಣಿಯಲ್ಲಿ ಹಾಗಿರಲಿಲ್ಲ. ಅಲ್ಲಿ ನಲ್ಲಿಯ ಹತ್ತಿರ ಇದ್ದವರು ಯಾರದೇ ಕೊಡ ಬರಲಿ, ತುಂಬಿ ಬದಿಗಿಟ್ಟು ಆಮೇಲೆ ಕರೆಯುತ್ತಿದ್ದರು. ಕರೆದಾಗ ಹೋಗಿ ಹೊತ್ತುಕೊಂಡು ಬಂದರಾಯಿತು. ಅದನ್ನೇ ಹೇಳಿ ಈರವ್ವನ ಜೊತೆ ಜಗಳವಾಡಿದೆ. ಅವಳೂ ಕಡಿಮೆಯವಳಲ್ಲ, ಹಾಗಾದರೆ ಹಳೆಯ ಓಣಿಗೇ ಹೋಗಿ ತುಂಬಿಸಿಕೊಳ್ಳಿ ಎಂದಳು. ಕೊನೆಗೆ ನಾನೇ ತುಂಬಿಕೊಂಡು ಬಂದು ಹಂಡೆಗೆ ಸುರಿಯುತ್ತ ಒಳಗೊಳಗೇ ಜಗಳ ಮುಂದುವರಿಸಿದೆ. ನನ್ನದೇನು ತಪ್ಪು? ನಾನೂ ಕಾಯದೆ ನನ್ನ ಕೆಲಸ ನೋಡಿಕೊಂಡೆ, ಅವಳೂ ಸಮಯಕ್ಕೆ ಸರಿಯಾಗಿ ಕರೆದಳು. ಇಬ್ಬರದೂ ಸರಿ, ಕೊಡ ಮಾತ್ರ ಖಾಲಿ.

ಹಂಡೆ ತುಂಬಿ ನೀರು ಕಾಲ ಮೇಲೆ ಹರಿಯುವತನಕ ನಾನು ಸುರಿಯುತ್ತಲೇ ನಿಂತಿದ್ದೆ. ಆಮೇಲೆ ಇಮ್ತಿಯಾಜ್‌ಗೆ ಫೋನ್ ಮಾಡಿದೆ.

"ಗಂಟಲಿಂದ ಬರೂ ಸಂಕೇತ ಯಾವಾಗ ಬರ್ತೈತಿ? ನುಂಗೂಕಿಂತ ಮೊದಲೋ, ನುಂಗಿದ ಮ್ಯಾಲೋ?"

"ನುಂಗಾಕ ತಯಾರಾದಾಗ್ರೀ ಮೇಡಂ. ಈಗ ಶುರು ಮಾಡಬಹುದು ಅಂತ."

"ಎದಿ ಯಂತ್ರಕ್ಕ ಅಂಥಾ ಸಂಕೇತ ಬಂದ್ರ ಅದು ಏನಂತ ತಿಳ್ಕೊಂತೈತಿ?"

"ಅದರ ಸಿಸ್ಟಂನಾಗ ಕೆಲಸ ಮುಗದ ಮ್ಯಾಲೆ ಅಷ್ಟ ಹೇಳ್ತಾರ್ರೀ," ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಯಾ ಅಲ್ಲಾ," ಎಂದ.

ಎರಡೂ ಯಂತ್ರಗಳು ಕಾಯದೆ ಕೆಲಸ ಮಾಡುವುದನ್ನು ಕಲಿತಿದ್ದವು, ಆದರೆ ಬೇರೆ ಬೇರೆ ಓಣಿಯ ಪದ್ಧತಿಯಲ್ಲಿ. ಗಂಟಲು ಪಾಳಿ ಬಂದಾಗ ಕರೆಯುವ ಓಣಿಯದು, ಎದೆ ತುಂಬಿದ ಮೇಲೆ ಕರೆಯುವ ಓಣಿಯದು. ಗಂಟಲು ಕರೆದ ಕೂಡಲೇ ಎದೆ ತುತ್ತು ಇಳಿದಿದೆ ಎಂದುಕೊಂಡು ಕಿಂಡಿ ಮುಚ್ಚಿ ಮೂಗಿನಿಂದ ಎಳೆದುಬಿಟ್ಟಿತ್ತು. ನಾವು ಸಂಖ್ಯೆಗೆ ಸಂಖ್ಯೆ ಹೊಂದಿಸಿ ಕೈತೊಳೆದುಕೊಂಡಿದ್ದೆವು. ರಬ್ಬರ್ ಗಂಟಲಿನಲ್ಲಿ ನೀರು ಎಷ್ಟು ಬೇಗ ಇಳಿಯುತ್ತಿತ್ತೆಂದರೆ ಕರೆಯುವುದಕ್ಕೂ ಮುಗಿಯುವುದಕ್ಕೂ ಅಂತರವೇ ಇರಲಿಲ್ಲ. ಒಮ್ಮೆ ಗಂಜಿ ಹಾಕಿ ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ನಾವು ಹಾಕಲಿಲ್ಲ, ಯಾಕೆಂದರೆ ರಬ್ಬರ್ ಗಂಟಲನ್ನು ತೊಳೆಯುವ ಕೆಲಸ ನಮ್ಮಿಬ್ಬರಿಗೂ ಬೇಡವಾಗಿತ್ತು.

ಅಂದು ಪ್ರಯೋಗಾಲಯಕ್ಕೆ ಹೋಗುವಾಗ ಗಂಜಿಯ ಡಬ್ಬಿ ತೆಗೆದುಕೊಂಡೇ ಹೋದೆ. ಹಾಕಿದೆವು. ಮೊದಲ ಚಮಚಕ್ಕೇ ರಬ್ಬರಿನ ಶ್ವಾಸನಾಳದಲ್ಲಿ ಗಂಜಿ ಇಣುಕಿತು. ಯಂತ್ರ ತಪ್ಪು ಮಾಡಿದ್ದನ್ನು ನೋಡಿ ನನಗೆ ಅಷ್ಟು ಸಮಾಧಾನವಾದದ್ದು ಜೀವನದಲ್ಲಿ ಅದೊಂದೇ ಸಲ. ಇಮ್ತಿಯಾಜ್ ಕುರ್ಚಿಯ ಮೇಲೆ ಕುಸಿದು ನಗುತ್ತಿದ್ದ.

ಕಂಪನಿಗಳ ಪದ್ಧತಿ ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ಓಣಿಯ ಪದ್ಧತಿಯೂ ಅಷ್ಟೇ, ಈರವ್ವನನ್ನು ಕೇಳಿ ನೋಡಿ. ಆದ್ದರಿಂದ ನಡುವೆ ಒಬ್ಬ ಒಳ್ಳೆಯ ನೆರೆಯವಳನ್ನು ನಿಲ್ಲಿಸಿದೆವು. ಗಂಟಲು ಪಾಳಿ ಬಂತೆಂದು ಕರೆದರೆ ನಮ್ಮ ಪ್ರೋಗ್ರಾಂ ತಾನೇ ಹೋಗಿ ನಿಂತು ತುತ್ತು ಪೂರ್ತಿ ಇಳಿಸುತ್ತದೆ, ಗಂಟಲು ಖಾಲಿಯಾಯಿತೇ ಎಂದು ನೋಡುತ್ತದೆ, ಆಮೇಲಷ್ಟೇ ಎದೆಯನ್ನು ಕರೆಯುತ್ತದೆ. ಅಲ್ಲಿಯತನಕ ಎದೆ ಕಿಂಡಿಯಿಂದ ತನ್ನ ಪಾಡಿಗೆ ಉಸಿರಾಡುತ್ತಿರುತ್ತದೆ. ಎಷ್ಟು ತಡವಾದರೂ ಯಾರಿಗೂ ನಷ್ಟವಿಲ್ಲ. ಆಮೇಲೆ ಕೆಳಗಿನ ಕ್ಯಾಂಟೀನಿನಲ್ಲಿ ಸಿಕ್ಕಿದ್ದನ್ನೆಲ್ಲ ರಬ್ಬರ್ ಗಂಟಲಿಗೆ ತಿನ್ನಿಸಿದೆವು. ಉಪ್ಪಿಟ್ಟು, ಹೂರಣ, ಅಂಟುವ ಶಿರಾ. ತೊಳೆಯುವ ಕೆಲಸ ನಾನೇ ಮಾಡಿದೆ.

ಸಮಿತಿಯ ಎದುರು ನಾನು ಇದನ್ನೆಲ್ಲ ಹೇಳಿದೆ, ಕೊಡದ ಕತೆಯನ್ನೂ ಬಿಡಲಿಲ್ಲ. ಕೆಲವರು ನಕ್ಕರು. ಡಾಕ್ಟರ್ ಕೊಪ್ಪೀಕರ ನಗಲಿಲ್ಲ.

"ಶೈಲಾ, ಆ ನಡುವಿನ ನೆರಿಯಾಕಿನ ಬಿದ್ದುಬಿಟ್ರ ಏನಾಗ್ತದ? ನಿಮ್ಮ ಪ್ರೋಗ್ರಾಂ ನಿಂತುಬಿಟ್ರ?"

"ಎದಿಗೆ ಕರಿ ಬರೂದಿಲ್ರೀ ಡಾಕ್ಟರ್. ಕರಿ ಬರದಿದ್ರ ಅದು ಕಿಂಡಿಯಿಂದನ ಉಸಿರಾಡ್ತೈತಿ. ಮಾತು ಹೋಗ್ತೈತಿ, ಜೀವ ಹೋಗೂದಿಲ್ಲ."

ಅವರು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. "ಮಾತು ಹೋದ್ರ ಆಕಿ ನಿಮ್ಮನ್ನ ಬಿಡೂದಿಲ್ಲ, ಅದು ನೆನಪಿರ್ಲಿ," ಎಂದು ಸಹಿ ಹಾಕಿದರು.

ಎರಡನೆಯ ಸಲ ನಾವೆಲ್ಲ ಸೇರಿದಾಗ ತುಳಜಾಬಾಯಿ ಇಳಿದುಹೋಗಿದ್ದರು. ಜ್ವರ ಬಿಟ್ಟಿತ್ತು, ಕೆನ್ನೆ ಒಳಗೆ ಹೋಗಿತ್ತು, ಬಾಯಿ ಮಾತ್ರ ಹಾಗೇ ಇತ್ತು. ಮಂಗಲಾ ಮೂಲೆಯಲ್ಲಿ ಸೆರಗಿನೊಳಗೆ ಏನನ್ನೋ ಮುಚ್ಚಿಕೊಂಡು ನಿಂತಿದ್ದಳು.

"ಹೆದರಿಕಿ ಐತೇನ್ರೀ?" ಎಂದು ನಾನು ತುಳಜಾಬಾಯಿಯವರನ್ನು ಕೇಳಿದೆ.

"ಐತಿ," ಎಂದರು. "ನಿನಗ?"

"ನನಗೂ ಐತ್ರೀ."

"ಹಂಗಾರ ಛಲೋ. ಹೆದರಿಕಿ ಇದ್ದಾಕಿ ಕೈಯಾಗ ಅಡಗಿ ಹೊತ್ತೂದಿಲ್ಲ. ಹಾಕ್ರಿ."

ಡಾಕ್ಟರ್ ಗಂಜಿ ಹಾಕಿದರು. ಕಿಂಡಿ ತೆರೆದಿದೆ ಎಂದು ತೋರಿಸುವ ಪಕ್ಕದ ಸಣ್ಣ ದೀಪ ಹೊತ್ತಿತು. ಎದೆ ಏರಿತು, ಇಳಿಯಿತು, ಕಿಂಡಿಯಿಂದಲೇ. ಗಂಟಲು ಕರೆಯಿತು. ದೀಪ ಆರಲಿಲ್ಲ. ತುತ್ತು ಇಳಿಯುತ್ತಿರುವುದು ತೆರೆಯ ಮೇಲೆ ಕಾಣುತ್ತಿತ್ತು, ನೋಡಿದಷ್ಟೂ ಅದು ನಿಧಾನವಾಗುತ್ತಿದೆ ಎನ್ನಿಸುತ್ತಿತ್ತು. ಎದೆ ಮತ್ತೊಮ್ಮೆ ಏರಿತು, ಇಳಿಯಿತು. ಆಮೇಲೆ ದೀಪ ಆರಿತು, ಮೂಗಿನಿಂದ ಉಸಿರು ಬಂತು, ಶುದ್ಧವಾದ ಗಾಳಿ, ಬೇರೇನೂ ಇಲ್ಲ. ಇಮ್ತಿಯಾಜ್ ಗೋಡೆಗೆ ಒರಗಿದ. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಎದ್ದುಹೋದ ಹಾಗಾಯಿತು.

ಇನ್ನೂ ಎರಡು ಚಮಚ ಗಂಜಿ ಹೋಯಿತು. ಡಾಕ್ಟರ್ ಇವತ್ತಿಗೆ ಸಾಕೆಂದರು. ತುಳಜಾಬಾಯಿ ಅವರ ಕಡೆ ನೋಡಲೇ ಇಲ್ಲ. "ಮಂಗಲಾ, ಸೆರಗಿನಾಗ ಏನೈತಿ ತಗಿ. ಆವಾಗಿಂದ ವಾಸನಿ ಬರಾಕತ್ತೇತಿ."

ಮಂಗಲಾ ಡಬ್ಬಿ ತೆಗೆದಳು. ಖಾನಾವಳಿಯ ರಸ್ಸಾ, ಸೋಸಿ ಗಟ್ಟಿಯಾಗಿ ಕುದಿಸಿ ತಂದದ್ದು. ಡಾಕ್ಟರ್ ಕೊಪ್ಪೀಕರ ಬೇಡ ಎನ್ನಲು ಬಾಯಿ ತೆರೆದರು, ತುಳಜಾಬಾಯಿಯವರ ಮುಖ ನೋಡಿ ಮುಚ್ಚಿದರು. ಸಣ್ಣ ಚಮಚದಲ್ಲಿ ಕಾಲು ಭಾಗ, ಅಷ್ಟೇ, ಎಂದರು.

ಮಂಗಲಾ ತಾನೇ ಹಾಕಿದಳು. ದೀಪ ಹೊತ್ತಿತು, ಎದೆ ತನ್ನ ಪಾಡಿಗೆ ಏರಿಳಿಯಿತು, ದೀಪ ಆರಿತು. ತುಳಜಾಬಾಯಿ ಕಣ್ಣು ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಬಿಟ್ಟರು.

"ಗಸಗಸಿ ಹುರದಿಲ್ಲ," ಎಂದರು.

"ಹುರದೀನ್ರೀ ಅತ್ತಿ."

"ಹುರದಿಲ್ಲ, ಬೆಚ್ಚಗ ಮಾಡೀದಿ. ಒಣಕೊಬ್ಬರಿನೂ ಕೆಂಪಾಗೂಕಿಂತ ಮೊದಲ ಇಳಿಸೀದಿ. ಇಷ್ಟ ದಿನ ಮಂದಿಗೆ ಇದನ್ನ ಬಡಿಸೀದೇನು?"

ಮಂಗಲಾ ಡಬ್ಬಿ ಹಿಡಿದುಕೊಂಡೇ ಮಂಚದ ಪಕ್ಕ ಕುಸಿದು ಕೂತಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ, ಎರಡೂ ಇರಬೇಕು. ಅತ್ತೆಯ ಕೈ ಹಿಡಿದುಕೊಂಡು, "ಬೈರಿ ಅತ್ತಿ, ಇನ್ನೊಂದಿಷ್ಟು ಬೈರಿ," ಎಂದಳು.

"ಬೈಯಾಕ ಇನ್ನ ಭಾಳ ದಿನ ಅದಾವ," ಎಂದರು ತುಳಜಾಬಾಯಿ. "ಮೊದಲ ಇನ್ನೊಂದ ಚಮಚಾ ಹಾಕು."

ಮಂಗಲಾ ಡಾಕ್ಟರರ ಮುಖ ನೋಡಿದಳು. ಡಾಕ್ಟರ್ ಕೊಪ್ಪೀಕರ ತೆರೆಯ ಕಡೆ ತಿರುಗಿಯೂ ನೋಡದೆ ಹೂಂ ಎಂದರು.